ನಾಯಿ ಸರಪಳಿಯ ಉಯ್ಯಾಲೆ

ಚೆನ್ನೇಗೌಡರ ಟ್ರೈಲರಿನಲ್ಲಿ ದಿನವೂ ಹನ್ನೆರಡು ಹೆಂಗಸರು ನಾಟಿಗೆ ಹೋಗುತ್ತಿದ್ದರು. ಅದನ್ನು ಟ್ರ್ಯಾಕ್ಟರಿಗೆ ಹಿಡಿದಿದ್ದುದು ಒಂದೇ ಪಿನ್ನು. ಪಿನ್ನು ಕಳಚಿದರೂ ಟ್ರೈಲರ್ ಬಿಟ್ಟುಹೋಗದ ಹಾಗೆ ಎರಡು ಸರಪಳಿ ಕೊಡಿಸಿ ಎಂದು ಡ್ರೈವರ್ ಕೇಳಿದ.

ಗೌಡರು ತಮ್ಮ ಎರಡು ನಾಯಿಗಳ ಸರಪಳಿ ಬಿಚ್ಚಿ ಎಸೆದರು. "ತಗೋ. ಸರಪಳಿ ಅಂದ್ರೆ ಸರಪಳಿ. ನನಗೇ ಪಾಠ ಹೇಳ್ಬೇಡ."

ಡ್ರೈವರ್ ಜಗಲಿಯ ಉಯ್ಯಾಲೆಯ ಸರಪಳಿ ಕಳಚಿ, ಹಲಗೆಯನ್ನು ನಾಯಿ ಸರಪಳಿಯಲ್ಲೇ ತೂಗುಹಾಕಿದ. "ಕೂತ್ಕೊಳ್ಳಿ ಗೌಡ್ರೇ, ತೂಗ್ತೀನಿ."

"ನನ್ನ ಸೊಂಟ ಮುರೀಬೇಕು ಅಂತಿದೀಯಾ? ಇದು ನನ್ನ ತಡೆಯುತ್ತಾ?"

"ನಿಮ್ಮೊಬ್ರನ್ನೇ ತಡೆಯಲ್ಲ ಅಂತೀರಿ. ಅವರು ಹನ್ನೆರಡು ಜನ."

ಗೌಡರು ಕಳಚಿಟ್ಟ ಸರಪಳಿಯತ್ತ ಕೈ ತೋರಿಸಿದರು. "ಹಾಗಾದ್ರೆ ಉಯ್ಯಾಲೆದನ್ನೇ ತಗೊಂಡ್ಹೋಗು."

"ಅದು ನಿಮಗೆ ಸಾಕು. ತುಂಬಿದ ಟ್ರೈಲರಿಗೆ ಸಾಲದು."

ಮಾರನೆಯ ದಿನ ಗೌಡರೇ ಪೇಟೆಯಿಂದ ತಕ್ಕ ಸರಪಳಿ ತಂದರು. ಡ್ರೈವರ್ ಅವನ್ನು ಪಿನ್ನಿನ ಕೆಳಗೆ ಕತ್ತರಿಯಾಕಾರದಲ್ಲಿ ಹಾಯಿಸಿ ಕಟ್ಟಿದ. "ಟ್ರೈಲರ್ ಮೂತಿ ಕಳಚಿದ್ರೂ ನೆಲಕ್ಕೆ ಕುಕ್ಕಲ್ಲ. ತೊಟ್ಟಿಲ ಹಾಗೆ ಹಿಡ್ಕೊಳ್ಳುತ್ತೆ."

ಗೌಡರು ಬಗ್ಗಿ ಎರಡನ್ನೂ ಜಗ್ಗಿ ನೋಡಿದರು. "ಹುಷಾರಾಗಿ ಕರ್ಕೊಂಡ್ಹೋಗಪ್ಪ. ನಾನೇ ಕೂತಿದೀನಿ ಅಂದ್ಕೊಂಡು ಓಡಿಸು."

"ಬ್ಯಾಡಿ ಗೌಡ್ರೇ," ಎಂದಳು ಟ್ರೈಲರಿನಲ್ಲಿ ಕೂತಿದ್ದ ಚಿಕ್ಕತಾಯಮ್ಮ. "ಹಂಗೆ ಓಡಿಸಿದ್ರೆ ನಾವು ಗದ್ದೆ ಸೇರೋ ಹೊತ್ತಿಗೆ ಕುಯ್ಲು ಬಂದಿರುತ್ತೆ."