ನಿಂತ ಮೋಟಾರಿನ ಬಿಸಿ

"ಬುದ್ಧಿ, ಬಿಟ್ಟಮೇಲೂ ಮನಸ್ಸು ಯಾಕೆ ಸುಡ್ತದೆ?" ಎಂದು ಮರಿಮಲ್ಲ ಗುರುಗಳನ್ನು ಕೇಳಿದ.

ಕೂತಲ್ಲಿ ಕೂರಲಾರದೆ ಅವನು ಬೆಳಗಿನಿಂದ ಮಠದ ಜಗಲಿಯನ್ನು ಅಳೆಯುತ್ತಿದ್ದ. ಅಣ್ಣನೊಡನೆ ಜಗಳವಾಡಿ ಮನೆ ಬಿಟ್ಟು ಬಂದು ಏಳು ವರ್ಷವಾಗಿತ್ತು. ಅಂದಿನಿಂದ ಅಣ್ಣನಿಗೆ ಒಂದು ಕಾಗದ ಬರೆದವನಲ್ಲ. ಆ ಊರಿನ ಬಸ್ಸು ಕಂಡರೂ ಮುಖ ತಿರುಗಿಸುತ್ತಿದ್ದ, ಅದನ್ನೇ ವೈರಾಗ್ಯವೆಂದು ತಿಳಿದಿದ್ದ. ಈಗ ಅತ್ತಿಗೆಯ ಕಾಗದ ಬಂದಿತ್ತು. ಸೋಮವಾರ ನಿಮ್ಮಣ್ಣನಿಗೆ ಎದೆಯ ಆಪರೇಷನ್, ಅದಕ್ಕೆ ಮೊದಲು ಒಮ್ಮೆ ಬಂದು ಹೋಗಿ ಎಂದು ಅವಳು ಬರೆದಿದ್ದಳು. ಅಂದು ಶುಕ್ರವಾರ. ಹೋಗಲೋ ಬೇಡವೋ ಎಂದು ನೇರವಾಗಿ ಕೇಳಲು ಬಾಯಿ ಬಾರದೆ, ಮರಿಮಲ್ಲ ಮನಸ್ಸಿನ ಮೇಲೆ ಹಾಕಿ ಕೇಳಿದ್ದ.

"ಏನು ಬಿಟ್ಟೆ?" ಎಂದರು ಗುರುಗಳು.

"ಅಣ್ಣನ್ನ. ಏಳು ವರ್ಷದಿಂದ ಒಂದು ಮಾತೂ ಆಡಿಲ್ಲ. ಒಳ್ಳೇದೂ ಇಲ್ಲ, ಕೆಟ್ಟದ್ದೂ ಇಲ್ಲ."

ಗುರುಗಳು ಕಾವಿ ಉಡುವುದಕ್ಕೆ ಮುಂಚೆ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿದವರು. ಬೇರೆ ಗುರುಗಳ ಕತೆಯಲ್ಲಿ ನರಿ ಬರುತ್ತದೆ, ಮೊಸಳೆ ಬರುತ್ತದೆ; ಇವರ ಕತೆಯಲ್ಲಿ ಮೋಟಾರು ಬರುತ್ತದೆ. ಶಿಷ್ಯರಿಗೆ ಅದು ರೂಢಿಯಾಗಿತ್ತು. ಮರಿಮಲ್ಲನನ್ನು ಎದುರಿಗೆ ಕೂರಿಸಿಕೊಂಡು ಅವರು ಕತೆ ಹೇಳಿದರು.

ಒಬ್ಬ ಇಂಜಿನಿಯರ್ ಇದ್ದ. ರೇಷ್ಮೆ ಹುಳು ಸಾಕುವ ಒಬ್ಬ ಹೆಂಗಸು ಇದ್ದಳು. ಆಕೆ ಹತ್ತು ವರ್ಷ ಗೂಡು ಆರಿಸಿ ಆರಿಸಿ, ರೋಗಕ್ಕೆ ಬಗ್ಗದ ಒಂದು ತಳಿ ಮಾಡಿದ್ದಳು. ಆ ತಳಿಯ ಮೊಟ್ಟೆ ಭೂಮಿಯ ಮೇಲೆ ಇದ್ದದ್ದು ಒಂದೇ ತಟ್ಟೆ. ಇಂಜಿನಿಯರ್ ಒಂದೊಂದು ಮೊಟ್ಟೆಯ ಫೋಟೋ ತೆಗೆದು, ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ಹೇಳುವ ಯಂತ್ರ ಮಾಡಿದ್ದ. ಅವನನ್ನು ನಂಬಿ ಆಕೆ ತಟ್ಟೆಯನ್ನು ತಂದುಕೊಟ್ಟಳು. ಇನ್ನೆರಡು ದಿನಕ್ಕೆ ಮೊಟ್ಟೆಯೊಡೆದು ಹುಳು ಹೊರಡಬೇಕಿತ್ತು.

ಯಂತ್ರದಲ್ಲಿ ತಟ್ಟೆಯನ್ನು ತಿರುಗಿಸಲು ಕೆಳಗೆ ಇದ್ದದ್ದು ಸ್ಟೆಪ್ಪರ್ ಮೋಟಾರು. ಅದು ಫ್ಯಾನಿನ ಹಾಗೆ ಗಿರ್ರನೆ ತಿರುಗುವ ಜಾತಿಯಲ್ಲ. ಒಂದು ಅಪ್ಪಣೆಗೆ ಒಂದು ಹೆಜ್ಜೆ. ಅಪ್ಪಣೆ ಕೊಡುವುದು ಕಂಪ್ಯೂಟರು. ಅದನ್ನು ಮೋಟಾರಿನ ತಂತಿಗಳಿಗೆ ದಾಟಿಸುವುದು ನಡುವೆ ಕೂತ ಡೇಟಾ ಅಕ್ವಿಸಿಷನ್ ಪೆಟ್ಟಿಗೆ. ಈ ತಂತಿಗೆ ಕರೆಂಟು ಬಿಡು, ಆ ತಂತಿಗೆ ನಿಲ್ಲಿಸು ಎಂದು ಕಂಪ್ಯೂಟರು ಹೇಳಿದರೆ ಪೆಟ್ಟಿಗೆ ಹಾಗೇ ಮಾಡುತ್ತದೆ, ತಟ್ಟೆ ಕೂದಲೆಳೆಯಷ್ಟು ಸರಿಯುತ್ತದೆ.

ಬೆಳಿಗ್ಗೆ ತಟ್ಟೆ ಒಂದು ಸುತ್ತು ಬಂತು. ಫೋಟೋಗಳು ಚೆನ್ನಾಗಿ ಬಂದವು. ಇಂಜಿನಿಯರ್ ಪ್ರೋಗ್ರಾಮು ಮುಚ್ಚಿದ, ತಟ್ಟೆ ನಿಂತಿತು. ಸಂಜೆ ಇನ್ನೊಂದು ಸುತ್ತು ಇದ್ದದ್ದರಿಂದ ಮೊಟ್ಟೆಯನ್ನು ಅಲ್ಲೇ ಬಿಟ್ಟ.

ಮಧ್ಯಾಹ್ನ ಆಕೆ ಬಂದು ತಟ್ಟೆಯ ಅಂಚು ಮುಟ್ಟಿದಳು. "ಸಾರ್, ಯಾಕೋ ಬಿಸಿ ಐತೆ. ಮೋಟ್ರು ನಿಲ್ಸಿ" ಎಂದಳು.

"ನಿಂತದ್ದನ್ನ ಇನ್ನು ಹೇಗಮ್ಮ ನಿಲ್ಲಿಸಲಿ? ಬೆಳಿಗ್ಗೇನೇ ನಿಲ್ಲಿಸಿದ್ದೀನಿ."

ಅವನ ಮಾತು ಸುಳ್ಳಲ್ಲ. ತಟ್ಟೆ ಅಲುಗುತ್ತಿರಲಿಲ್ಲ, ಸದ್ದೂ ಇರಲಿಲ್ಲ. ಬಿಸಿಲಿನ ಕಾವಿರಬೇಕು ಎಂದು ಕಿಟಕಿಯ ಪರದೆ ಎಳೆದ. ಆಕೆಗೆ ಸಮಾಧಾನವಾಗಲಿಲ್ಲ. ಬಾಗಿಲ ತನಕ ಹೋದಳು, ತಿರುಗಿ ಬಂದಳು, ಮತ್ತೆ ಮುಟ್ಟಿ ನೋಡಿದಳು, ಮತ್ತೆ ಬಾಗಿಲಿಗೆ ಹೋದಳು. ಓದಿದವರು ಹೇಳುತ್ತಿದ್ದಾರೆ, ತನಗೇನು ಗೊತ್ತು ಎಂದುಕೊಂಡು ಕೊನೆಗೆ ಹೊರಟಳು. ಕೈಗೆ ತಿಳಿದದ್ದನ್ನು ನಂಬದೆ ಹೋದದ್ದಕ್ಕೆ ಆಮೇಲೆ ಬಹಳ ಅತ್ತಳು.

ಸಂಜೆಗೆ ಮೋಟಾರು ಕೈ ಇಡಲಾಗದಷ್ಟು ಕಾದಿತ್ತು. ಮೊಟ್ಟೆಗಳು ಬೆಂದಿದ್ದವು. ಎರಡು ದಿನ ಕಾದರು, ನಾಲ್ಕು ದಿನ ಕಾದರು. ಒಂದು ಹುಳುವೂ ಹೊರಡಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ತಪ್ಪು ಸಿಕ್ಕಿದ್ದು ಆಮೇಲೆ. ಪ್ರೋಗ್ರಾಮು ಮುಚ್ಚಿದಾಗ ಕಂಪ್ಯೂಟರು ಮಾತು ನಿಲ್ಲಿಸಿತ್ತು, ಅಷ್ಟೇ. ಅದು ಕೊನೆಯದಾಗಿ ಹೇಳಿದ್ದು 'ಈ ಎರಡು ತಂತಿಗೆ ಕರೆಂಟು ಬಿಡು' ಎಂದು. ಸಾಕು ಎನ್ನುವವರೆಗೆ ಪೆಟ್ಟಿಗೆ ಅದನ್ನೇ ನಡೆಸುತ್ತದೆ. ಸಾಕು ಎಂದವರು ಯಾರೂ ಇರಲಿಲ್ಲ. ಮೋಟಾರು ಹೊಸ ಹೆಜ್ಜೆ ಇಡದೆ, ಇಟ್ಟ ಹೆಜ್ಜೆಯನ್ನೇ ಬಿಗಿಯಾಗಿ ಹಿಡಿದು ದಿನವೆಲ್ಲ ಕಾದಿತ್ತು. ಮುಚ್ಚುವ ಮುಂಚೆ ಎಲ್ಲ ತಂತಿಯನ್ನೂ ಬಿಡು ಎಂದು ಒಂದು ಸಾಲು ಬರೆದಿದ್ದರೆ ಆಗುತ್ತಿತ್ತು.

ಇಂಜಿನಿಯರ್ ಆಕೆಯ ಮುಂದೆ ಕೈಕಟ್ಟಿ ನಿಂತು, "ನಾನು ಏನೂ ಮಾಡಲಿಲ್ಲಮ್ಮ" ಎಂದ.

"ಅದೇ ಸಾರ್ ಆಗಿದ್ದು" ಎಂದಳು ಆಕೆ.

ಗುರುಗಳು ಕತೆ ನಿಲ್ಲಿಸಿದರು. ಮರಿಮಲ್ಲ ಏಳಲು ಹೋಗಿ ಮತ್ತೆ ಕೂತ. ಆ ಹೆಂಗಸಿನ ಮೇಲೆ ಅವನಿಗೆ ಮರುಕ ಹುಟ್ಟಿತ್ತು, ಇಂಜಿನಿಯರ್ ಮೇಲೆ ಸಿಟ್ಟು ಬಂದಿತ್ತು. ತನ್ನ ಪ್ರಶ್ನೆಗೆ ಉತ್ತರ ಎಲ್ಲಿದೆ ಎಂದು ತಿಳಿಯದೆ ಮೇಲುವಸ್ತ್ರದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ.

"ಮನೆ ಬಿಡೋವಾಗ ನಿಮ್ಮಣ್ಣನಿಗೆ ಕೊನೇಲಿ ಏನು ಹೇಳಿ ಬಂದೆ?" ಎಂದು ಗುರುಗಳು ಕೇಳಿದರು.

ಹೇಳಲು ಮರಿಮಲ್ಲನಿಗೆ ನಾಚಿಕೆಯಾಯಿತು.

"ನೀ ಸತ್ತರೂ ನಿನ್ನ ಮನೆ ಹೊಸಲು ತುಳಿಯಲ್ಲ ಅಂದೆ, ಬುದ್ಧಿ."

"ಹಾಗಾದರೆ ಮರಿಮಲ್ಲ, ಏಳು ವರ್ಷದಿಂದ ನಿಮ್ಮಣ್ಣ ದಿನಾ ಆ ಮಾತನ್ನೇ ಕೇಳ್ತಾ ಇದ್ದಾನೆ. ಸಾಕು ಅಂತ ನೀನಿನ್ನೂ ಹೇಳಿಲ್ಲ."