ಫೋಟೋಗೆ ಆಸೆಪಟ್ಟ ಗುಂಡಿ

ನಮ್ಮ ಬೀದಿಯಲ್ಲಿ ಒಂದು ಗುಂಡಿ, ಅದರ ಪಕ್ಕದಲ್ಲೇ ಕೆಟ್ಟುಹೋದ ಬೀದಿದೀಪ ಇದ್ದವು, ಮಕ್ಕಳೇ. ಯಾರೋ ದೀಪದ ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಐವತ್ತು ಜನ ಅದರ ಮಾತೇ ಆಡಿದರು. ಗುಂಡಿಗೆ ಹೊಟ್ಟೆ ಉರಿಯಿತು.

"ನಿನಗಿಂತ ಮೊದಲು ಕೆಟ್ಟವನು ನಾನು. ನನ್ನನ್ನು ಒಬ್ಬರೂ ಕೇಳಲಿಲ್ಲವಲ್ಲ!"

"ಬೇಡ ತಮ್ಮಾ," ಅಂದಿತು ದೀಪ. "ನನ್ನ ಸುದ್ದಿ ಎತ್ತಿದರೆ ನಾನು ಬೆಳಗುತ್ತೇನೆ. ನಿನ್ನ ಸುದ್ದಿ ಎತ್ತಿದರೆ ನೀನೇ ಇರುವುದಿಲ್ಲ."

"ಹೋಗಕ್ಕಾ, ನಿನಗೆ ಹೊಟ್ಟೆಕಿಚ್ಚು!"

ಮರುದಿನ ಗುಂಡಿ ಬೇಕಂತಲೇ ಹೂವಿನ ಗಂಗವ್ವನ ಸೈಕಲ್ಲನ್ನು ಬೀಳಿಸಿತು. ಗುಂಡಿಯ ಫೋಟೋವೂ ಗುಂಪಿಗೆ ಬಂತು, ಎಂಬತ್ತು ಜನ ಕೂಗಾಡಿದರು.

"ನಿನಗಿಂತ ಮೂವತ್ತು ಜಾಸ್ತಿ!" ಎಂದು ಗುಂಡಿ ಬೀಗುತ್ತಿದ್ದಾಗಲೇ ಜಲ್ಲಿ ತುಂಬಿದ ಟ್ರ್ಯಾಕ್ಟರ್ ಬಂದು ನಿಂತಿತು.

ಸಂಜೆ ದೀಪವೂ ಹೊತ್ತಿತು. ಕೆಳಗೆ ನೋಡಿ "ತಮ್ಮಾ" ಎಂದು ಕರೆಯಿತು. ಸಪಾಟಾದ ರಸ್ತೆಯ ಮೇಲೆ ಗಂಗವ್ವ ಸಲೀಸಾಗಿ ಸೈಕಲ್ ತುಳಿದುಕೊಂಡು ಹೋದಳು.