ಎಲೀಷನಿಗೆ ಹರಿಯಲಾಗದ ಚೀಟಿ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಪುಟ್ಟ ಕ್ರೈಸ್ತ ಸಭೆ ಇತ್ತು. ತಗಡಿನ ಮಾಡು, ನಾಲ್ಕು ಫ್ಯಾನು, ಅರವತ್ತು ಜನ. ಸುಗ್ಗಿಯ ದಿನಗಳಲ್ಲಿ ಗಾಳಿ ಇತ್ತ ತಿರುಗಿತೆಂದರೆ ಮುಗಿಯಿತು, ಪಾಸ್ಟರಿಂದ ಹಿಡಿದು ತಬಲಾ ಬಾರಿಸುವವರವರೆಗೆ ಎಲ್ಲರಿಗೂ ಸೀನು, ಎಲ್ಲರ ಕಣ್ಣಲ್ಲೂ ನೀರು. ಹೊಸದಾಗಿ ಬಂದವರು, ಈ ಜನ ಆರಾಧನೆಯಲ್ಲಿ ಎಷ್ಟೊಂದು ಅಳುತ್ತಾರಪ್ಪ ಎಂದು ಬೆರಗಾಗುತ್ತಿದ್ದರು. ಅದರಲ್ಲಿ ಅರ್ಧ ಭಕ್ತಿ, ಅರ್ಧ ಘಾಟು.

ಆ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಯಾರಾದರೂ ಎದ್ದು ನಿಂತು "ಕರ್ತನು ನನಗೆ ಹೀಗೆ ಹೇಳಿದನು" ಎಂದರೆ, ಆರಾಧನೆ ಮುಗಿದ ಮೇಲೆ ಅವರು ಹೊರಗೆ ಬೇವಿನ ಮರದಡಿಯ ಬೆಂಚಿನ ಮೇಲೆ ಕೂರಬೇಕು. ಉಳಿದವರು ಸುತ್ತ ಕೂತು, ಚಹಾ ಕುಡಿಯುತ್ತ, ಆ ಮಾತು ದೇವರದೋ ಹೇಳಿದವರದೋ ಎಂದು ವಿಚಾರಿಸಬೇಕು. ಇದು ಪಾಸ್ಟರ್ ಆಶೀರ್ವಾದಪ್ಪನವರು ತಂದ ಪದ್ಧತಿ. ಬರಬರುತ್ತ ವಿಚಾರಣೆ ನಿಂತುಹೋಗಿ ಚಹಾ ಮಾತ್ರ ಉಳಿದಿತ್ತು. ಜೊತೆಗೆ ಮಂಡಕ್ಕಿ, ಮಿರ್ಚಿ ಬಜ್ಜಿಯೂ ಸೇರಿಕೊಂಡಿದ್ದವು.

ಸಭೆಯಲ್ಲಿ ಎಲೀಷ ಎಂಬ ಆಟೋ ಚಾಲಕನಿದ್ದ. ಒಂದು ಭಾನುವಾರ ಅವನು ಅಂಜುತ್ತ ಅಂಜುತ್ತ ಅದೇ ಸಭೆಯ ಬೆಂಜಮಿನಪ್ಪನವರ ಹತ್ತಿರ ಹೋದ. ಹೆಂಡತಿ ತೀರಿಕೊಂಡ ಮೇಲೆ ಆ ಮನುಷ್ಯ ಯಾರೊಂದಿಗೂ ಮಾತಾಡುತ್ತಿರಲಿಲ್ಲ.

"ಅಣ್ಣಾರ, ಕರ್ತ ನಿಮ್ಮನ್ನ ಮರತಿಲ್ಲರಿ. ಇದನ್ನ ನಿಮಗ ಹೇಳಬೇಕು ಅಂತ ಮೂರು ದಿನದಿಂದ ಮನಸಿನಾಗ ಒಂದ ಸಮನ ಬರಾಕತ್ತೈತಿ" ಎಂದ.

ಬೆಂಜಮಿನಪ್ಪ ಗಳಗಳನೆ ಅತ್ತರು. ಆ ದಿನ ಅವರು ಎಲ್ಲರಿಗಿಂತ ಜೋರಾಗಿ ಹಾಡಿದರು. ಎಲೀಷನಿಗೆ ದೇವರ ಮಾತು ಕೇಳಿ ಹೇಳುವ ಪ್ರವಾದನೆಯ ವರ ಸಿಕ್ಕಿದೆ ಎಂದು ಜನ ಸಂತೋಷಪಟ್ಟರು. ಅಪ್ಪ ಇಟ್ಟ ಹೆಸರೂ ಪ್ರವಾದಿಯದೇ, ಇನ್ನೇನು ಬೇಕು!

ಅಲ್ಲಿಂದ ಶುರುವಾಯಿತು ನೋಡಿ. "ಎಲೀಷಣ್ಣ, ನಮ್ಮ ಆಡು ಯಾವ ಕಡೆ ಹೋಗೈತಿ?" "ಬೋರು ಯಾವ ಮೂಲೆಯಲ್ಲಿ ಕೊರೆಸಲಿ?" "ಮಗಳು ಪಾಸಾಗುತ್ತಾಳಾ?" ಮೊದಮೊದಲು ಎಲೀಷ ಗೊತ್ತಿಲ್ಲ ಎನ್ನುತ್ತಿದ್ದ. ಕೇಳಿದವರ ಮುಖ ಸಣ್ಣದಾಗುತ್ತಿತ್ತು. ಹೊಗಳಿಸಿಕೊಂಡು ರೂಢಿಯಾದವನಿಗೆ ಅದನ್ನು ನೋಡುವುದು ಕಷ್ಟವಾಯಿತು. ಮೆಲ್ಲಗೆ ಅವನು "ಈ ವಾರ ನಿಮಗೊಂದು ಒಳ್ಳೆಯ ಸುದ್ದಿ ಬರುತ್ತದೆ" ಎನ್ನಲು ಕಲಿತ. ಸುದ್ದಿ ಬಂದರೆ ಅದು ಎಲೀಷನ ಪ್ರವಾದನೆ, ಬರದಿದ್ದರೆ ಕೇಳಿದವರ ವಿಶ್ವಾಸ ಕಡಿಮೆ. ಯಾವ ಕಡೆಯಿಂದ ನೋಡಿದರೂ ಗೆಲುವು ಅವನದೇ.

ಆ ಸಭೆಗೆ ಮಾರ್ತವ್ವ ಎಂಬ ಮುದುಕಿ ಬರುತ್ತಿದ್ದಳು. ನಲವತ್ತು ವರ್ಷ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಬದುಕಿದವಳು. ಈಗ ಎರಡೂ ಕಣ್ಣಿಗೆ ಪೊರೆ ಬಂದು, ತೊಟ್ಟು ಯಾವುದು ಕಾಯಿ ಯಾವುದು ಕಾಣದೆ ಮನೆಯಲ್ಲಿ ಕೂತಿದ್ದಳು. ವರ್ಷಕ್ಕೊಮ್ಮೆ ನಡೆಯುವ ಉಚಿತ ಕಣ್ಣಿನ ಶಿಬಿರದಲ್ಲಿ ಅವಳಿಗೆ ಬುಧವಾರ ಆಪರೇಷನ್ ಎಂದು ಚೀಟಿ ಸಿಕ್ಕಿತ್ತು. ಆ ಚೀಟಿ ಹೋದರೆ ಇನ್ನೊಂದು ವರ್ಷ ಕತ್ತಲೆಯೇ. ಆದರೆ ಮಾರ್ತವ್ವನಿಗೆ ಆಪರೇಷನ್ ಎಂದರೆ ಜೀವ ಬಾಯಿಗೆ ಬರುತ್ತಿತ್ತು.

ಭಾನುವಾರ, ಸಭೆಯ ನಡುವೆಯೇ ಅವಳು ಎದ್ದು ನಿಂತಳು. "ಯಪ್ಪಾ ಎಲೀಷ, ಕರ್ತ ಏನಂತಾನ ಕೇಳಿ ಹೇಳೋ. ಆಪರೇಷನ್ ಮಾಡಿಸಲೋ ಬ್ಯಾಡೋ?"

ಎಲೀಷ ಕಣ್ಣು ಮುಚ್ಚಿದ. ಒಳಗೆ ಏನೂ ಕೇಳಿಸಲಿಲ್ಲ. ಫ್ಯಾನು ತಿರುಗುವ ಸದ್ದು ಮಾತ್ರ. ಒಂದು ಕಣ್ಣನ್ನು ಸ್ವಲ್ಪವೇ ತೆರೆದು ನೋಡಿದ. ಅರವತ್ತು ಜನ ಅವನ ಬಾಯನ್ನೇ ನೋಡುತ್ತಿದ್ದರು.

"ಅಜ್ಜಿ, ಆಪರೇಷನ್ ಬ್ಯಾಡಂತ. ಈಸ್ಟರ್ ಹಬ್ಬದೊಳಗ ಕರ್ತ ತಾನ ನಿನ್ನ ಕಣ್ಣು ತೆರೀತಾನಂತ!"

ತಗಡು ಹಾರಿಹೋಗುವ ಹಾಗೆ ಜನ ಹಲ್ಲೆಲೂಯಾ ಎಂದರು. ಆಶೀರ್ವಾದಪ್ಪನವರು ಮಾತ್ರ ಆಮೆನ್ ಎನ್ನಲಿಲ್ಲ. "ಚಹಾ ಕುಡಿಯೂನು ಬರ್ರಿ" ಎಂದರು ಅಷ್ಟೆ.

ಬೇವಿನ ಮರದಡಿ ಎಲೀಷ ಬೆಂಚಿನ ಮೇಲೆ ಕೂತ. ಬಹಳ ದಿನಗಳ ಮೇಲೆ ಪಾಸ್ಟರು ಪ್ರಶ್ನೆ ಕೇಳಿದರು. "ಎಲೀಷ, ಈ ಮಾತು ನಿನಗ ಹೆಂಗ ಬಂತು?"

"ಬಂತ್ರಿ ಪಾಸ್ಟರ್. ದೇವರ ಮಾತಿಗೆ ಹೆಂಗ, ಯಾಕ ಅಂತ ಕೇಳತಾರೇನ್ರಿ?" ಎಂದ ಎಲೀಷ. ಜನ ಹೌದು ಹೌದು ಎಂದು ತಲೆಯಾಡಿಸಿದರು.

ಅಷ್ಟರಲ್ಲಿ ಮಾರ್ತವ್ವ ಕೋಲೂರುತ್ತ ಬಂದಳು. ಸೆರಗಿನ ಗಂಟು ಬಿಚ್ಚಿ ಆಪರೇಷನ್ ಚೀಟಿ ತೆಗೆದಳು.

"ಹಂಗಾರ ಇದು ಇನ್ನ ನನಗ್ಯಾಕ? ನೀನ ಹರದು ಒಗಿ ತಮ್ಮಾ. ನನಗ ಕಣ್ಣು ಕಾಣಂಗಿಲ್ಲ, ಅರ್ಧ ಹರದು ಅರ್ಧ ಬಿಟ್ಟೇನು."

ಎಲ್ಲರೂ ನಕ್ಕರು. ಎಲೀಷ ಚೀಟಿ ಹಿಡಿದುಕೊಂಡ. ತೆಳ್ಳನೆಯ ಕಾಗದ, ಹರಿಯಲು ಎಷ್ಟು ಹೊತ್ತು? ಆದರೆ ಬೆರಳು ಆಡಲಿಲ್ಲ. ತಲೆಯೆತ್ತಿ ಮಾರ್ತವ್ವನ ಮುಖ ನೋಡಿದ. ಅವಳು ನಗುತ್ತಿದ್ದಳು, ಪಕ್ಕದಲ್ಲಿದ್ದ ಮರದ ಬೊಡ್ಡೆಯ ಕಡೆ ನೋಡಿ. ಎಲೀಷ ಎಲ್ಲಿ ಕೂತಿದ್ದಾನೆ ಎಂಬುದೂ ಅವಳಿಗೆ ಕಾಣುತ್ತಿರಲಿಲ್ಲ.

ಎಲೀಷ ಚೀಟಿ ಕೆಳಗಿಳಿಸಿದ. "ಅಜ್ಜಿ, ನನ್ನಿಂದ ಆಗೂದಿಲ್ಲ" ಎಂದ. "ಕರ್ತ ನನಗ ಏನೂ ಹೇಳಿಲ್ಲ. ಎಲ್ಲಾರೂ ನೋಡಾಕತ್ತಿದ್ರು. ಸುಮ್ಮನ ಕುಂದ್ರಾಕ ನಾಚಿಕಿ ಆತು. ನಾನ ಹುಟ್ಟಿಸಿ ಹೇಳೀನಿ."

ಮಿರ್ಚಿ ಹಿಡಿದ ಕೈಗಳೆಲ್ಲ ಅಲ್ಲಲ್ಲೇ ನಿಂತವು. ಮಾರ್ತವ್ವನ ನಗು ಮಾಯವಾಯಿತು.

"ಹಂಗಾರ ನಾ ಏನ ಮಾಡಲೋ? ಕಣ್ಣಾಗ ಸೂಜಿ ಚುಚ್ಚತಾರಂತ. ನನಗ ಭಾಳ ಅಂಜಿಕಿ ಆಗತೈತಿ."

ಎಲೀಷ ಈ ಸಲ ಕಣ್ಣು ಮುಚ್ಚಲಿಲ್ಲ, ದನಿ ಏರಿಸಲಿಲ್ಲ. ಚೀಟಿಯನ್ನು ಮಡಚಿ ಅವಳ ಕೈಯಲ್ಲಿಟ್ಟ.

"ಅಂಜಬ್ಯಾಡ ಅಜ್ಜಿ. ಬುಧವಾರ ನಾನ ಕರಕೊಂಡು ಹೊಕ್ಕೀನಿ. ನೀ ಹೊರಗ ಬರೂತನ ಬಾಗಲದಾಗ ಕುಂತಿರ್ತೀನಿ. ಒಳಗ ಕರ್ತ ನಿನ್ನ ಜೋಡಿ ಇರ್ತಾನ."

"ಆಮೆನ್!" ಎಂದು ಆಶೀರ್ವಾದಪ್ಪನವರು ಎದ್ದೇಬಿಟ್ಟರು. ಚಹಾ ಅವರ ಬಿಳಿ ಅಂಗಿಯ ಮೇಲೆ ಚೆಲ್ಲಿತು. "ಇದು ಕರ್ತನ ಮಾತು ನೋಡು!"

"ಪಾಸ್ಟರ್, ಇದೇನ ಪ್ರವಾದನೆ ಅಲ್ರಿ. ಅಜ್ಜಿ ಅಂಜಿದ್ಲು, ನಾ ಧೈರ್ಯ ಹೇಳಿದೆ" ಎಂದ ಎಲೀಷ.

"ನಾಳೆ ಏನಾಗತೈತಿ ಅಂತ ಹೇಳೂದಷ್ಟ ಪ್ರವಾದನೆ ಅಂತ ನಿನಗ ಯಾರು ಹೇಳಿದ್ರೋ? ಬೆಂಜಮಿನಪ್ಪಗ ನೀ ಅವತ್ತು ಏನ ಭವಿಷ್ಯ ಹೇಳಿದ್ದಿ? ಬಿದ್ದವರನ್ನ ಎಬ್ಬಸಾಕ, ಅಂಜಿದವರಿಗೆ ಧೈರ್ಯ ಕೊಡಾಕ, ದಾರಿ ತಪ್ಪಿದವರನ್ನ ತಿದ್ದಾಕ ಕರ್ತ ಈ ವರ ಕೊಟ್ಟಾನ. ಮುಂದಿಂದು ತೋರಿಸಿದ್ರ ಹೇಳು. ತೋರಿಸಲಿಲ್ಲ ಅಂದ್ರ ಇಲ್ಲ ಅನ್ನು."

ಆಮೇಲೆ ಅವರು ಜನರ ಕಡೆ ತಿರುಗಿದರು. "ತಪ್ಪು ಇವನೊಬ್ಬಂದಲ್ಲ. ಕೇಳಬೇಕಾದವರು ನಾವು ಮಿರ್ಚಿ ತಿನಕೋತ ಕುಂತೀವಿ."

ಬುಧವಾರ ಎಲೀಷ ಮಾರ್ತವ್ವನನ್ನು ಆಟೋದಲ್ಲಿ ಕರೆದೊಯ್ದ. ಬೆಳಗಿನಿಂದ ಮಧ್ಯಾಹ್ನದವರೆಗೆ ಬಾಗಿಲಲ್ಲೇ ಕೂತ. ದಾರಿ ಬಿಡಪ್ಪ ಎಂದು ಶಿಬಿರದವರು ಎರಡು ಸಲ ಎಬ್ಬಿಸಿದರು. ಎರಡು ಸಲವೂ ಒಂದು ಗೇಣು ಸರಿದು ಮತ್ತೆ ಕೂತ.

ಎರಡು ವಾರದ ಮೇಲೆ ಮಾರ್ತವ್ವ ಕಪ್ಪು ಕನ್ನಡಕ ಹಾಕಿಕೊಂಡು, ಕೋಲಿಲ್ಲದೆ ನಡೆದು ಬಂದು ಸಭೆಯ ಮುಂದೆ ತನಗಾದ ಒಳಿತಿನ ಸಾಕ್ಷಿ ಹೇಳಲು ನಿಂತಳು.

"ಒಳಗ ಮಲಗಿಸಿದಾಗ ಕೈಕಾಲು ಗಡಗಡ ನಡುಗಾಕತ್ತಿದ್ವು. ಡಾಕ್ಟರು ಕೇಳಿದ್ರು, ಅಜ್ಜಿ, ನಿನ್ನ ಜೋಡಿ ಯಾರು ಬಂದಾರ ಅಂತ. ನಮ್ಮ ಪ್ರವಾದಿ ಬಾಗಲದಾಗ ಕುಂತಾನ್ರಿ ಅಂದೆ. ಹಂಗ ಅಂದ ಕೂಡಲೇ ನಡುಕ ನಿಂತುಬಿಡ್ತು."

ಎಲೀಷ ತಲೆ ತಗ್ಗಿಸಿ ಕಣ್ಣೊರೆಸಿಕೊಂಡ. ಅವತ್ತು ಪೇಟೆಗೆ ರಜೆ, ಗಾಳಿಯಲ್ಲಿ ಚೂರೂ ಘಾಟಿರಲಿಲ್ಲ.

ನೀತಿ: ಪ್ರವಾದನೆಯ ವರ ಇರುವುದು ಭವಿಷ್ಯ ಹೇಳಿ ಹೆಸರು ಗಳಿಸುವುದಕ್ಕಲ್ಲ, ಕುಗ್ಗಿದವರನ್ನು ಎತ್ತಿ ನಿಲ್ಲಿಸುವುದಕ್ಕೆ. ದೇವರು ಹೇಳಿದ್ದನ್ನು ಪ್ರೀತಿಯಿಂದ ಹೇಳಿ; ಹೇಳದಿದ್ದಾಗ "ನನಗೆ ಗೊತ್ತಿಲ್ಲ" ಎನ್ನಲು ನಾಚಬೇಡಿ. ಕೇಳುವವರೂ ಅಷ್ಟೆ, ಮೊದಲು ವಿಚಾರಿಸಿ, ಆಮೇಲೆ ಆಮೆನ್ ಅನ್ನಿ.